ಬೇಲೂರಿನ ಗಂಡಭೇರುಂಡಕ್ಕೂ ರಷ್ಯಾದ ಹದ್ದಿಗೂ ನೆಂಟಸ್ತಿಕೆ ಇದೆಯಾ?

ಪ್ರಶ್ನೆ: ಬೇಲೂರಿನ ಗುಡಿಯಲ್ಲಿ ಎರಡು ತಲೆಯ ಹಕ್ಕಿ ಇದೆ. ರಷ್ಯಾದ ಲಾಂಛನದಲ್ಲೂ ಇದೆ. ನಮ್ಮಿಂದಲೇ ಅಲ್ಲಿಗೆ ಹೋಗಿದ್ದಲ್ವಾ?

ಹಾಸನದ ಕಡೆ ಗುಡಿ ನೋಡಲು ನೆಂಟರನ್ನು ಕರೆದುಕೊಂಡು ಹೋದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. 'ಹೌದು' ಎಂದುಬಿಟ್ಟರೆ ಎಲ್ಲರಿಗೂ ಖುಷಿ. ಆದರೆ ಇಸವಿಗಳು ಒಪ್ಪುವುದಿಲ್ಲ.

ಬೇಲೂರಿನ ಚೆನ್ನಕೇಶವನ ಗುಡಿಯನ್ನು ವಿಷ್ಣುವರ್ಧನ ಕಟ್ಟಿಸಿದ್ದು 1117ರಲ್ಲಿ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯ ಗಂಡಭೇರುಂಡ ಕಂಬ ಇನ್ನೂ ಹಳೆಯದು, 1047ರದ್ದು. ಟರ್ಕಿಯ ಅಲಾಜಾ ಹೊಯುಕ್‌ ಎಂಬಲ್ಲಿ ಹಿಟ್ಟೈಟರು (ಅಲ್ಲಿ ಆಳಿದ ಪ್ರಾಚೀನ ಜನ) ಕೆತ್ತಿದ ಎರಡು ತಲೆಯ ಹದ್ದಿದೆಯಲ್ಲ, ಅದಕ್ಕೆ 3,200 ವರ್ಷಕ್ಕೂ ಜಾಸ್ತಿ ವಯಸ್ಸು. ರಷ್ಯಾದವರ ಹದ್ದು ಮಾತ್ರ ಇವರೆಲ್ಲರಿಗಿಂತ ಚಿಕ್ಕದು: ಮಾಸ್ಕೋದ ದೊರೆ ಮೂರನೇ ಇವಾನ್‌ನ 1497ರ ಮುದ್ರೆಯಲ್ಲಿ ಅದು ಕಾಣುತ್ತದೆ. ಅವನ ಹೆಂಡತಿ ಬೈಜಾಂಟಿಯಂನ (ಇಂದಿನ ಇಸ್ತಾಂಬುಲ್‌ನಿಂದ ಆಳಿದ ಪೂರ್ವ ರೋಮನ್ ಸಾಮ್ರಾಜ್ಯದ) ರಾಜಮನೆತನದವಳು, ಆ ಮನೆತನಕ್ಕೂ ಇದೇ ಹಕ್ಕಿಯ ಗುರುತಿತ್ತು. ಅಂದರೆ ಬೇಲೂರಿಗೂ ಮಾಸ್ಕೋಗೂ ನೇರ ದಾರಿ ಇಲ್ಲ.

ಹಾಗಾದರೆ ಹಿಟ್ಟೈಟರ ಕಡೆಯಿಂದಲೇ ಇಲ್ಲಿಗೆ ಬಂತಾ? ಹಾಗೆ ವಾದಿಸುವವರು ಈಗ ಪಾಕಿಸ್ತಾನದಲ್ಲಿರುವ ತಕ್ಷಶಿಲೆಯನ್ನು ತೋರಿಸುತ್ತಾರೆ. ಅಲ್ಲಿನ ಸಿರ್ಕಪ್‌ನಲ್ಲಿ ಸುಮಾರು 2,000 ವರ್ಷ ಹಳೆಯ ಸ್ತೂಪವೊಂದಿದೆ. ಅದರ ಕಟ್ಟೆಯ ಮೇಲೆ ಗ್ರೀಕರ ಶೈಲಿಯ ಬಾಗಿಲು, ನಮ್ಮ ಚೈತ್ಯದ (ಬೌದ್ಧರ ಪ್ರಾರ್ಥನಾ ಮಂದಿರದ) ಕಮಾನು, ತೋರಣ ಎಲ್ಲ ಅಕ್ಕಪಕ್ಕದಲ್ಲೇ ಇವೆ, ಅವುಗಳ ನಡುವೆ ಎರಡು ತಲೆಯ ಹದ್ದೂ ಕೂತಿದೆ! ನಡುದಾರಿಯ ತಂಗುದಾಣದ ಹಾಗೆ ಕಾಣುತ್ತದೆ, ನಿಜ. ಆದರೆ ಅಲ್ಲಿಂದ ಬಳ್ಳಿಗಾವಿಗೆ ಸುಮಾರು ಸಾವಿರ ವರ್ಷದ ಅಂತರ. ಇನ್ನೊಂದು ತೊಡಕೂ ಇದೆ. ಕಡಲಾಚೆಯ ಪೆರುವಿನ ಹಳೇ ನೇಯ್ಗೆಯಲ್ಲೂ ಎರಡು ತಲೆಯ ಹಕ್ಕಿಗಳಿವೆ, ಅವರಿಗೆ ಯಾರೂ ಹೋಗಿ ಕಲಿಸಿರಲಿಲ್ಲ. ಎಡಕ್ಕೊಂದು ಬಲಕ್ಕೊಂದು ತಲೆ ಇಟ್ಟರೆ ಚಿತ್ರ ತಾನೇ ಸರಿದೂಗುತ್ತದೆ, ಸೆರಗಿನ ಬುಟ್ಟಾ ನೋಡಿದವರಿಗೆ ಇದು ಗೊತ್ತು. ದೂರದ ನೆಂಟಸ್ತಿಕೆ ಇರಬಹುದು, ಆದರೆ ರೂಪ ಒಂದೇ ಅಂತ ವಂಶಾವಳಿ ಬರೆಯಲು ನಾನಂತೂ ಒಪ್ಪುವುದಿಲ್ಲ.

ಕಥೆ ಮಾತ್ರ ನಮ್ಮದೇ. ನರಸಿಂಹನನ್ನು ತಣಿಸಲು ಶಿವ ಸಿಂಹವನ್ನೂ ಮೀರಿಸುವ ಶರಭ ಎಂಬ ಪುರಾಣದ ಮೃಗವಾದ, ಆ ಶರಭನನ್ನು ಮಣಿಸಲು ವಿಷ್ಣು ಗಂಡಭೇರುಂಡನಾದ ಎನ್ನುತ್ತಾರೆ. ಹಾಗಿದ್ದರೆ ಇದು ಬರೀ ವಿಷ್ಣುವಿನ ಕಡೆಯವರ ಹಕ್ಕಿ ಆಗಬೇಕಿತ್ತು, ಅಲ್ವಾ? ಬಳ್ಳಿಗಾವಿಯಲ್ಲಿ ನೋಡಿದರೆ ಅದು ನಿಂತಿರುವುದು ಶಿವನ ಗುಡಿಯ ಮುಂದೆ, ಅದೂ ಮನುಷ್ಯನ ಮೈ ಹೊತ್ತು.

ಬೇಲೂರಿನಲ್ಲಿ ಅದು ಒಂಟಿಯಾಗಿಲ್ಲ, ಅಲ್ಲೊಂದು ಸರಪಳಿಯೇ ಇದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭನನ್ನು ಗಂಡಭೇರುಂಡ. ಗೈಡುಗಳು ಅವಸರದಲ್ಲಿದ್ದರೆ ಇದನ್ನು ದಾಟಿಸಿಬಿಡುತ್ತಾರೆ, ನೀವೇ ಕೇಳಿ ನಿಲ್ಲಿಸಿ. ಪಕ್ಕದಲ್ಲೇ ಒಬ್ಬ ಋಷಿ ಇದ್ದಾನೆ, ಇದನ್ನೆಲ್ಲ ನೋಡಿ ಬೆರಗಾಗಿ.