ಕೆಟ್ಟ ಬ್ರೇಕ್ ಸರಿಮಾಡಿದರೆ ಗಡ್ಡೆ ನಿಲ್ಲುತ್ತಾ?

ಕ್ಯಾನ್ಸರ್ ತಡೆಯುವ ಜೀನ್‌ಗಳ ಪಾಠದಲ್ಲಿ ನಾನು ಎಡವಿದ್ದು ಒಂದೇ ಕಡೆ. ಗಡ್ಡೆ ತಡೆಯುವ ಜೀನ್, ಅಂದರೆ ಕೋಶದ ಬೆಳವಣಿಗೆಗೆ ಬ್ರೇಕ್ ಹಾಕುವ ಜೀನ್, ಕೆಟ್ಟರೆ ಕ್ಯಾನ್ಸರ್ ಬರುತ್ತದೆ, ಸರಿ. ಹಾಗಾದರೆ ಅದನ್ನು ವಾಪಸ್ ಹಾಕಿದರೆ ಮುಗಿಯಿತಲ್ವಾ? ಮುಗಿಯಲ್ಲ.

ಮೊದಲು ಸ್ವಲ್ಪ ಹಿಂದಿನದು. 1971ರಲ್ಲಿ ಆಲ್‌ಫ್ರೆಡ್ ನುಡ್ಸನ್ ಮಕ್ಕಳ ಕಣ್ಣಿಗೆ ಬರುವ ರೆಟಿನೊಬ್ಲಾಸ್ಟೋಮಾ ಅನ್ನೋ ಕ್ಯಾನ್ಸರಿನ ಲೆಕ್ಕ ಹಾಕಿ, ಇದಕ್ಕೆ ಎರಡು ಪೆಟ್ಟು ಬೇಕು ಅಂದರು. ಜೀನ್ ಜೋಡಿಯಾಗಿರುತ್ತದೆ, ಒಂದು ಕೆಟ್ಟರೂ ಇನ್ನೊಂದು ಸಂಭಾಳಿಸುತ್ತದೆ. ಹುಟ್ಟುವಾಗಲೇ ಒಂದು ಕೆಟ್ಟಿದ್ದರೆ ಇನ್ನೊಂದೇ ಪೆಟ್ಟು ಸಾಕು, ಅದಕ್ಕೇ ಅಂಥ ಮಕ್ಕಳಿಗೆ ಬೇಗ ಬರುತ್ತದೆ, ಎಷ್ಟೋ ಸಲ ಎರಡೂ ಕಣ್ಣಿಗೆ. ಆ ಜೀನ್ ಆರ್‌ಬಿ1.

ಇನ್ನು ಪಿ53, ಗಡ್ಡೆ ತಡೆಯುವ ಇನ್ನೊಂದು ಜೀನ್. ಅದು ಮಾಡುವ ಪ್ರೋಟೀನಿಗೂ ಇದೇ ಹೆಸರು. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದು ಕೆಟ್ಟಿರುತ್ತದೆ. ಆದರೆ 'ಕೆಟ್ಟಿದೆ' ಅಂದರೆ ಹೇಗೆ ಕೆಟ್ಟಿದೆ ಅಂತ ಕೇಳಬೇಕು. ತಡೆಯುವ ಜೀನ್ ಪೂರ್ತಿ ಅಳಿಸಿ ಹೋಗಿರಬಹುದು. ಜೀನ್ ಸರಿಯಿದ್ದರೂ ಅದರ ಮೇಲೆ ಮೀಥೈಲ್ ಗುಂಪು ಅನ್ನೋ ಸಣ್ಣ ರಾಸಾಯನಿಕ ತುಣುಕುಗಳು ಕೂತು ಬಾಯಿ ಮುಚ್ಚಿಸಿರಬಹುದು. ಪಿ53 ವಿಷಯದಲ್ಲಂತೂ ಪ್ರೋಟೀನ್ ತಯಾರಾದ ಹಾಗೆ ಎಂಡಿಎಂ2 ಅನ್ನೋ ಇನ್ನೊಂದು ಪ್ರೋಟೀನ್ ಅದನ್ನು ಕಸಕ್ಕೆ ಕಳಿಸುತ್ತಿರಬಹುದು. ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ತನ್ನ ಇ6 ಪ್ರೋಟೀನ್ ಬಳಸಿ ಮಾಡುವುದೂ ಹೆಚ್ಚುಕಡಿಮೆ ಇದೇ. ಒಂದೊಂದಕ್ಕೂ ರಿಪೇರಿ ಬೇರೆ. ಇನ್ನೊಂದು ತರಲೆಯೂ ಇದೆ: ಪಿ53 ನಾಲ್ಕು ನಾಲ್ಕಾಗಿ ಕೂಡಿ ಕೆಲಸ ಮಾಡುತ್ತದೆ, ಆ ಗುಂಪಿಗೆ ಕೆಟ್ಟವು ಸೇರಿಕೊಂಡರೆ ಹೊಸದಾಗಿ ಹಾಕಿದ ಒಳ್ಳೆಯದೂ ಕೈಕಟ್ಟಿ ಕೂರಬೇಕಾಗುತ್ತದೆ.

ಈಗ ಅಸಲಿ ಕಥೆ, ಇಲಿಗಳದ್ದು. ಪಿ53ಗೆ ಒಂದು ಸ್ವಿಚ್ ಇಟ್ಟು, ಅದು ಆಫ್ ಇರುವಾಗ ಗಡ್ಡೆ ಬೆಳೆಯಲು ಬಿಟ್ಟು, ಆಮೇಲೆ ಆನ್ ಮಾಡಿದರು. 2007ರಲ್ಲಿ ವಿಜ್ಞಾನಿ ಟೈಲರ್ ಜ್ಯಾಕ್ಸ್ ತಂಡ ನೋಡಿದಾಗ ಲಿಂಫೋಮಾದ (ಬಿಳಿ ರಕ್ತಕಣಗಳ ಕ್ಯಾನ್ಸರ್) ಜೀವಕೋಶಗಳು ಸತ್ತವು. ಸಾರ್ಕೋಮಾದವು (ಮೂಳೆ, ಸ್ನಾಯುವಿನಂಥ ಅಂಗಾಂಶದ ಕ್ಯಾನ್ಸರ್) ಸಾಯಲಿಲ್ಲ, ವಿಭಜನೆ ನಿಲ್ಲಿಸಿ ಮುದಿಯಾದವು. ಅದೇ ವರ್ಷ ಸ್ಕಾಟ್ ಲೋ ತಂಡ ಯಕೃತ್ತಿನ ಗಡ್ಡೆಯಲ್ಲಿ ಇದನ್ನೇ ಮಾಡಿತು. ಅಲ್ಲಿ ಮುದಿಯಾದ ಕೋಶಗಳನ್ನು ರೋಗನಿರೋಧಕ ಕೋಶಗಳು ಬಂದು ಗುಡಿಸಿಬಿಟ್ಟವು. ನನಗೆ ತುಂಬಾ ಹಿಡಿಸಿದ್ದು ಇದೇ. ಜೀನ್ ಒಂದೇ, ಫಲ ಮಾತ್ರ ಅಂಗಾಂಶಕ್ಕೆ ತಕ್ಕ ಹಾಗೆ.

2010ರಲ್ಲಿ ಶ್ವಾಸಕೋಶದ ಗಡ್ಡೆಯಲ್ಲಿ ಲೆಕ್ಕ ತಪ್ಪಿತು. ಪಿ53 ಆನ್ ಮಾಡಿದರೆ ಜೋರಾಗಿ ಬೆಳೆಯುತ್ತಿದ್ದ ಭಾಗಗಳು ಮಾತ್ರ ಕರಗಿದವು, ಶುರುವಿನ ಹಂತದ, ನಿಧಾನಕ್ಕೆ ಬೆಳೆಯುವ ಗಡ್ಡೆಗಳು ಹಾಗೇ ಉಳಿದವು. ಉಲ್ಟಾ ಆಗಬೇಕಿತ್ತು ಅನಿಸುತ್ತದೆ ಅಲ್ವಾ? ಕಾರಣ ಇಷ್ಟೇ. ಪಿ53 ಕೋಶದಲ್ಲಿ ಇದ್ದರಷ್ಟೇ ಸಾಲದು, 'ಇಲ್ಲಿ ಗಲಾಟೆ ಆಗ್ತಿದೆ' ಅಂತ ಅದಕ್ಕೆ ಸುದ್ದಿ ಮುಟ್ಟಬೇಕು. ಬೆಳವಣಿಗೆಯ ಸಂಕೇತ ಅತಿಯಾದಾಗ ಎಆರ್‌ಎಫ್ ಅನ್ನೋ ಪ್ರೋಟೀನ್ ಎಂಡಿಎಂ2ವನ್ನು ಹಿಡಿದು ನಿಲ್ಲಿಸುತ್ತದೆ, ಆಗ ಪಿ53 ತಲೆ ಎತ್ತುತ್ತದೆ. ಶುರುವಿನ ಗಡ್ಡೆಯಲ್ಲಿ ಸಂಕೇತ ಅಷ್ಟು ಜೋರಿರಲಿಲ್ಲ. ಬ್ರೇಕ್ ಹಾಕಿಕೊಟ್ಟರು, ಪೆಡಲ್ ಒತ್ತುವವರಿರಲಿಲ್ಲ. ಇದಕ್ಕೂ ಮುಂಚೆ, 2006ರಲ್ಲಿ, ಜೆರಾರ್ಡ್ ಇವಾನ್ ತಂಡದ ಲಿಂಫೋಮಾ ಇಲಿಗಳಲ್ಲಿ ಪಿ53 ಆನ್ ಮಾಡಿದ ಮೇಲೂ ವಾಪಸ್ ಬಂದ ಗಡ್ಡೆಗಳು ಎಆರ್‌ಎಫ್ ಇಲ್ಲವೇ ಪಿ53 ಕಳೆದುಕೊಂಡೇ ಬಂದಿದ್ದವು.

ಮನುಷ್ಯರಲ್ಲಿ? ಚೀನಾ 2003ರಲ್ಲೇ ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ಪಿ53 ಜೀನನ್ನು ಕೋಶದೊಳಕ್ಕೆ ಹೊತ್ತೊಯ್ಯುವ ಅಡಿನೋವೈರಸ್ ಅನ್ನೋ ವೈರಸ್ ಬಳಸುವ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಕಷ್ಟ ಏನಂದರೆ ಇಲಿಯಲ್ಲಿ ಸ್ವಿಚ್ ಎಲ್ಲ ಕೋಶದಲ್ಲೂ ಮೊದಲೇ ಇತ್ತು, ಇಲ್ಲಿ ವೈರಸ್ ಒಂದೊಂದೇ ಕೋಶವನ್ನು ಹುಡುಕಿಕೊಂಡು ಹೋಗಬೇಕು. ತಪ್ಪಿಸಿಕೊಂಡ ಕೋಶಗಳು ಬೆಳೆಯುತ್ತಲೇ ಇರುತ್ತವೆ.