ಕುಣಿಯುವಾಗ ಕಾಲು ಮುರಿದುಕೊಂಡ ಮೂಳೆ ಡಾಕ್ಟರು

"ಬೆರಳು ಆಡಿಸಕ್ಕಾಗುತ್ತಾ? ಹಾಗಾದ್ರೆ ಮುರಿದಿಲ್ಲ ಬಿಡು, ಬರೀ ಉಳುಕು." ಕಾಲು ತಿರುಚಿಕೊಂಡವರಿಗೆ ಮನೆಯಲ್ಲಿ ಮೊದಲು ಸಿಗುವ ತೀರ್ಪು ಇದು. ಆಮೇಲೆ ಬಿಸಿ ಎಣ್ಣೆ ಬರುತ್ತದೆ, ಹಿಂದೆಯೇ ನೀವುವವರು ಬರುತ್ತಾರೆ. ನನಗಂತೂ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಬೆರಳನ್ನು ಎಳೆಯುವ ದೊಡ್ಡ ಸ್ನಾಯುಗಳು ಇರುವುದು ಮೊಣಕಾಲಿನ ಕೆಳಗೆ. ಪಾದದ ಅಂಚಿನಲ್ಲೊಂದು ಮೂಳೆ ಸೀಳಿದ್ದರೆ ಅವಕ್ಕೇನು ಗೊತ್ತು? ಒಂದು ಪಾದದಲ್ಲಿ 26 ಮೂಳೆಗಳಿವೆ. ಒಂದು ಕೈಕೊಟ್ಟರೆ ಉಳಿದವು ಹೇಗೋ ಭಾರ ಹೊತ್ತು ನಡೆಸಿಬಿಡುತ್ತವೆ.

ಮೂಳೆಯ ಡಾಕ್ಟರಿಗೇ ಇದು ಗೊತ್ತಾಗಿರಲಿಲ್ಲ! ಇಂಗ್ಲೆಂಡಿನ ಲಿವರ್‌ಪೂಲಿನ ಸರ್ಜನ್ ರಾಬರ್ಟ್ ಜೋನ್ಸ್ ಕುಣಿಯುವಾಗ ಪಾದದಲ್ಲಿ ಏನೋ ಕಿತ್ತಂತಾಯಿತು. ಸ್ನಾಯುವಿನ ನಾರು ಹರಿದಿರಬೇಕು ಅಂದುಕೊಂಡರು. ಆಮೇಲೆ ಕುಂಟುತ್ತಾ ಹೋಗಿ ಎಕ್ಸ್‌ರೇ ತೆಗೆಸಿದರೆ, ಕಿರುಬೆರಳಿಗೆ ಹೋಗುವ ಉದ್ದ ಮೂಳೆ ಮುರಿದಿತ್ತು. ಅದನ್ನೇ 1902ರಲ್ಲಿ ಬರೆದು ಪ್ರಕಟಿಸಿದರು. ಇವತ್ತಿಗೂ ಅದಕ್ಕೆ ಜೋನ್ಸ್ ಫ್ರಾಕ್ಚರ್ ಅಂತಲೇ ಹೆಸರು. ಜರ್ಮನ್ ವಿಜ್ಞಾನಿ ರೋಂಟ್ಜೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ, ಅಂದರೆ ಜೋನ್ಸ್ ಒಂದು ಹತ್ತು ವರ್ಷ ಮೊದಲು ಕುಣಿದಿದ್ದರೆ ಅದು ನಾರು ಹರಿದದ್ದು ಅಂತಲೇ ಉಳಿದುಬಿಡುತ್ತಿತ್ತು, ಅಲ್ವಾ?

ಹಾಗಾದರೆ ಎಕ್ಸ್‌ರೇ ಯಾವಾಗ ಬೇಕು? ಕೆನಡಾದ ಒಟ್ಟಾವದ ಡಾಕ್ಟರುಗಳು 1992ರಲ್ಲಿ ಒಂದು ಸರಳ ನಿಯಮ ಕೊಟ್ಟರು. ಬೆರಳಿನಿಂದ ಮೂಳೆಯನ್ನೇ ಒತ್ತಿ ನೋಡುವುದು. ಪಾದದ ಹೊರ ಅಂಚಿನ ನಡುವೆ ಒಂದು ಗುಬುಟು ಸಿಗುತ್ತದೆ. ಒಳ ಅಂಚಿನಲ್ಲಿ, ಕಾಲಿನ ಗಂಟಿನಿಂದ ಸ್ವಲ್ಪ ಮುಂದೆ ಇನ್ನೊಂದು. ಗಂಟಿನ ಎರಡೂ ಮೂಳೆಗಳ ಹಿಂದಿನ ಅಂಚನ್ನೂ ಒತ್ತಬೇಕು. ಇವುಗಳಲ್ಲಿ ಎಲ್ಲಿ ಒತ್ತಿದರೂ ನೋವಾದರೆ ಎಕ್ಸ್‌ರೇ ಬೇಕು, ನಡೆಯಲು ಬಂದರೂ ಸರಿ. ನೋವಿರುವ ಪಾದದಲ್ಲಿ ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಈ ಪರೀಕ್ಷೆ ನಂಬಬಾರದು, ಅವರಿಗೆ ಮುರಿದರೂ ನೋವೇ ಗೊತ್ತಾಗದಿರಬಹುದು. ಅಂಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ನೀಲಿಯಾಗಿದ್ದರೂ ತಡಮಾಡಬೇಡಿ. ಅಡಿಕೆ ಮರದಿಂದ ಬಿದ್ದು ಹಿಮ್ಮಡಿ ಒಡೆದವರಿಗೆ ಬೆನ್ನುಮೂಳೆಯನ್ನೂ ನೋಡಿಸಬೇಕು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಆ ಕಿರುಬೆರಳಿನ ಮೂಳೆಯ ಬುಡದಲ್ಲಿ, ಒಂದೆರಡು ಸೆಂಟಿಮೀಟರ್ ಅಂತರದಲ್ಲೇ, ಎರಡು ಥರದ ಮುರಿತ ಆಗುತ್ತದೆ. ಮೊದಲನೆಯದು ಹೊರ ಅಂಚಿನ ಆ ಗುಬುಟಿನ ತುದಿ ಕಿತ್ತುಬರುವುದು, ಗೋಡೆಗೆ ಹಬ್ಬಿದ ಬಳ್ಳಿ ಎಳೆದರೆ ಗಾರೆಯೂ ಜೊತೆಗೆ ಬಂದಹಾಗೆ. ಇದು ಗಟ್ಟಿ ಅಟ್ಟೆಯ ಶೂ ಅಥವಾ ಬೂಟು ಹಾಕಿಕೊಂಡು, ನೋವು ನೋಡಿಕೊಂಡು ನಡೆದರೂ ಸುಮಾರು 6 ವಾರದಲ್ಲಿ ಕೂಡಿಕೊಳ್ಳುತ್ತದೆ. ಇನ್ನೊಂದು ಅದಕ್ಕಿಂತ ಸ್ವಲ್ಪ ಮುಂದೆ ಆಗುವ ಜೋನ್ಸ್ ಮುರಿತ. ಇದು ತಿಂಗಳುಗಟ್ಟಲೆ ಸತಾಯಿಸುತ್ತದೆ. ಯಾಕೆ? ಮಂಡ್ಯದ ಕಡೆ ನಾಲೆಯ ಕೊನೆಯ ಭಾಗದ ರೈತರನ್ನು ಕೇಳಿ. ತೂಬಿನ ಹತ್ತಿರದ ಗದ್ದೆಗೆ ನೀರೋ ನೀರು, ಕೊನೆಯ ಗದ್ದೆಗೆ ಬರುವಷ್ಟರಲ್ಲಿ ತೊಟ್ಟು. ಈ ಮೂಳೆಗೂ ರಕ್ತ ಎರಡು ಕಡೆಯಿಂದ ಬರುತ್ತದೆ, ಬುಡದಿಂದ ಒಂದು ನಾಲೆ, ನಡುವಿನಿಂದ ಇನ್ನೊಂದು. ಜೋನ್ಸ್ ಮುರಿತ ಆಗುವುದು ಎರಡೂ ನಾಲೆ ಸೊರಗುವ ಜಾಗದಲ್ಲಿ. ಊರಾಚೆಯ ಕೊನೇ ಮನೆಯ ಮಿಣುಕು ಬಲ್ಬಿನ ಹಾಗೆ ಅಂದರೂ ಸರಿ. ಮೂಳೆ ಕೂಡಿಸುವ ಕೂಲಿಗಳು ಬರುವುದು ರಕ್ತದ ದಾರಿಯಲ್ಲೇ. ಅದಕ್ಕೇ ಪ್ಲಾಸ್ಟರ್ ಹಾಕಿ 6ರಿಂದ 8 ವಾರ ಕಾಲೂರದೆ ಇರಬೇಕು, ಕೆಲವರಿಗೆ ಸ್ಕ್ರೂ ಹಾಕಬೇಕಾಗುತ್ತದೆ. ಸಿಗರೇಟು ಸೇದುವವರಿಗೆ ಆ ನಾಲೆ ಇನ್ನೂ ಸೊರಗುತ್ತದೆ.

ಡಾಕ್ಟರ ಹತ್ತಿರ ಹೋಗುವವರೆಗೆ ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15-20 ನಿಮಿಷ ಇಡಿ. ಎಣ್ಣೆ ಹಚ್ಚಿ ನೀವಬೇಡಿ, ಮುರಿದ ತುದಿಗಳು ಜರುಗುತ್ತವೆ, ಊತ ಜಾಸ್ತಿಯಾಗುತ್ತದೆ.

ಹಾಗಂತ ಮೂಳೆ ಕಟ್ಟುವ ನಾಟಿ ವೈದ್ಯರನ್ನೆಲ್ಲ ನಾನು ಗೇಲಿ ಮಾಡುವುದಿಲ್ಲ. ಜೋನ್ಸ್ ಕೆಲಸ ಕಲಿತದ್ದು ಸಂಬಂಧಿ ಹ್ಯೂ ಓವೆನ್ ಥಾಮಸ್ ಅವರಿಂದ, ಆ ಥಾಮಸ್ ಹುಟ್ಟಿದ್ದು ತಲೆತಲಾಂತರದಿಂದ ಮೂಳೆ ಕಟ್ಟುತ್ತಿದ್ದ ವೇಲ್ಸ್ ಮೂಲದ ಮನೆತನದಲ್ಲಿ. ಥಾಮಸ್ ಡಾಕ್ಟರಿಕೆ ಓದಿದರು, ಮುರಿದ ಮೂಳೆಗೆ ಬೇಕಾದದ್ದು ಪೂರ್ತಿ ವಿಶ್ರಾಂತಿ ಅಂತ ಹಟ ಹಿಡಿದರು. ನನ್ನ ತಕರಾರು ಎಕ್ಸ್‌ರೇ ಇಲ್ಲದೆ ಬಿಗಿಯುವ ಕಟ್ಟಿನ ಬಗ್ಗೆ. ಯಾರೇ ಕಟ್ಟಿರಲಿ, ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಆಸ್ಪತ್ರೆಗೆ ಹೋಗಿ ಬಿಚ್ಚಿಸಿ.