ಕ್ಲಿನಿಕ್: ಐರ್ಲೆಂಡಿನ ರಾಜಕಾರಣದಲ್ಲಿ

ಐರ್ಲೆಂಡಿನಲ್ಲಿ ಸಂಸದರೂ ಕ್ಲಿನಿಕ್ ನಡೆಸುತ್ತಾರೆ. ಅಲ್ಲಿ ನಾಡಿ ಹಿಡಿಯುವವರಿಲ್ಲ. ವಾರಾಂತ್ಯಕ್ಕೆ ಡಬ್ಲಿನ್ನಿನಿಂದ ಕ್ಷೇತ್ರಕ್ಕೆ ಬಂದವರು ಕಚೇರಿಯಲ್ಲೋ ಹೋಟೆಲಿನ ಕೋಣೆಯಲ್ಲೋ ಕೂತು ಜನರ ಅಹವಾಲು ಕೇಳುವುದಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಸಂಸತ್ತಿನ ಕೆಳಮನೆಗೆ ಡಾಲ್ ಎಂದೂ ಅದರ ಸದಸ್ಯರಿಗೆ ಟಿ.ಡಿ. ಎಂದೂ ಹೆಸರು. ಟಿ.ಡಿ.ಯನ್ನು ಕಾಣಲು ಬರುವವರದು ಮನೆ ಕಟ್ಟುವ ಪರವಾನಗಿ, ಪಿಂಚಣಿ, ಮೆಡಿಕಲ್ ಕಾರ್ಡ್ ಇಂಥ ತಕರಾರುಗಳು. ಮೆಡಿಕಲ್ ಕಾರ್ಡ್ ಇದ್ದರೆ ಊರಿನ ವೈದ್ಯರಿಗೆ ಫೀಸು ಕೊಡಬೇಕಿಲ್ಲ. ನಿಯಮದ ಪ್ರಕಾರ ಹೇಗಿದ್ದರೂ ಸಿಗಬೇಕಾದದ್ದನ್ನು ಟಿ.ಡಿ. ಕೊಡಿಸಿದ ಹಾಗೆ ಕಾಣುತ್ತದೆ ಎಂಬ ಟೀಕೆ ಹಳೆಯದು, ನ್ಯಾಯವಾದದ್ದೂ ಹೌದು.

ಆದರೂ ಇದು ನಿಂತಿಲ್ಲ, ಏಕೆಂದರೆ ಬೇರು ಮತದಾನದ ಪದ್ಧತಿಯಲ್ಲಿದೆ. ಒಂದೊಂದು ಕ್ಷೇತ್ರದಿಂದ 3ರಿಂದ 5 ಜನ ಆರಿಸಿ ಬರುತ್ತಾರೆ. ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಇಷ್ಟದ ಕ್ರಮ ಬರೆಯುತ್ತಾರೆ. 4 ಸ್ಥಾನವಿದ್ದರೆ, ಸಿಂಧು ಮತಗಳ ಐದನೇ ಒಂದು ಭಾಗ ದಾಟಿದವರು ಗೆದ್ದಂತೆ. ಗೆದ್ದವರ ಹೆಚ್ಚುವರಿ ಮತ, ತೀರಾ ಕಡಿಮೆ ಮತ ಪಡೆದು ಹೊರಬಿದ್ದವರ ಮತ ಎರಡೂ ಮುಂದಿನ ಇಷ್ಟದವರಿಗೆ ಹೋಗುತ್ತವೆ. ಒಂದೇ ಪಕ್ಷದ ಇಬ್ಬರು ಪರಸ್ಪರ ಸ್ಪರ್ಧಿಸುವಾಗ ಪ್ರಣಾಳಿಕೆಯಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಯಾರು ಹೆಚ್ಚು ಓಡಾಡಿದರು ಎಂಬುದೇ ಲೆಕ್ಕ.

ಚುನಾವಣೆಗೆ ಇಳಿಯುವ ಹಳ್ಳಿಯ ವೈದ್ಯರಿಗೆ ಈ ಆಟ ಒಗ್ಗುವುದು ಇಲ್ಲೇ. ಅವರ ರೋಗಿಗಳಲ್ಲಿ ಎಲ್ಲ ಪಕ್ಷದವರೂ ಇರುತ್ತಾರೆ. ಮೊದಲ ಮತ ಮನೆತನದ ಪಕ್ಷಕ್ಕೆ ಹೋದರೂ ಎರಡನೆಯದು ಡಾಕ್ಟರಿಗೆ ಬೀಳಬಹುದು.

ಮೇಯೋ ಕೌಂಟಿಯ ಮಲ್ರಾನಿಯ ವೈದ್ಯ ಜೆರ್ರಿ ಕೌಲಿ ಹಾಗೆ ಪಕ್ಷೇತರರಾಗಿ ಬಂದವರು. ವಯಸ್ಸಾದವರು ಊರು ಬಿಟ್ಟು ದೂರದ ಆರೈಕೆ ಕೇಂದ್ರಗಳಿಗೆ ಹೋಗಬೇಕಾಗಬಾರದೆಂದು ಅಲ್ಲೇ ಅವರಿಗೆ ನೆಲೆ ಕಟ್ಟಿಸಿದರು. ವಲಸೆ ಹೋಗಿ ಮುದಿಯಾದ ಐರಿಷರನ್ನು ತಾಯ್ನಾಡಿಗೆ ಕರೆತರುವ 'ಸೇಫ್ ಹೋಮ್' ಸಂಸ್ಥೆಯನ್ನು 2000ರಲ್ಲಿ ಆರಂಭಿಸಿದರು. ಡಾಲ್‌ಗೆ ಆರಿಸಿ ಬಂದದ್ದು 2002ರಲ್ಲಿ. ಅಂದರೆ ಕೆಲಸ ಮೊದಲು, ಮತ ಆಮೇಲೆ. ಆದರೆ 2007ರಲ್ಲಿ ಮೇಯೋದ 5 ಸ್ಥಾನಗಳಲ್ಲಿ 3ನ್ನು ಫೀನ ಗೇಲ್ ಪಕ್ಷವೇ ಬಾಚಿಕೊಂಡಿತು. ಅದರ ಆಗಿನ ನಾಯಕ ಎಂಡಾ ಕೆನಿ ಅದೇ ಕ್ಷೇತ್ರದವರು. ಕೌಲಿ ಸೋತರು.

ಕ್ಲೇರ್ ಕೌಂಟಿಯ ಕಿಲ್ಮಿಹಿಲ್‌ನ ಮೈಕೆಲ್ ಹಾರ್ಟಿಯವರದು ಇನ್ನೂ ನೇರವಾದ ಮಾತು: ಡಾಕ್ಟರಿಲ್ಲದಿದ್ದರೆ ಹಳ್ಳಿಯೂ ಇಲ್ಲ. ನಿವೃತ್ತರಾಗುವ ಹಳ್ಳಿ ವೈದ್ಯರ ಜಾಗಕ್ಕೆ ಹೊಸಬರು ಬರುತ್ತಿರಲಿಲ್ಲ. ಇದೊಂದೇ ಬೇಡಿಕೆ ಹಿಡಿದು 2016ರಲ್ಲಿ ಪಕ್ಷೇತರರಾಗಿ ಗೆದ್ದು, ಸಂಸತ್ತಿನ ಆರೋಗ್ಯ ಸಮಿತಿಯ ಅಧ್ಯಕ್ಷರಾದರು. 2017ರ 'ಸ್ಲಾಂಚೆಕೇರ್' ಯೋಜನೆಯನ್ನು ಬರೆದ ಸಮಿತಿಯಲ್ಲೂ ಇದ್ದರು. ಕಾಸಿದೆಯೋ ಇಲ್ಲವೋ ನೋಡದೆ ಅಗತ್ಯ ನೋಡಿ ಚಿಕಿತ್ಸೆ ಕೊಡಬೇಕೆಂಬುದು ಅದರ ಸಾರ.

ಪಕ್ಷದೊಳಗಿನ ವೈದ್ಯರ ದಾರಿ ಬೇರೆ. ಮೊನಹನ್‌ನ ಕ್ಯಾರಿಕ್‌ಮ್ಯಾಕ್ರಾಸ್‌ನ ರೋರಿ ಓ'ಹ್ಯಾನ್ಲನ್ 1977ರಿಂದ 2011ರವರೆಗೆ ಟಿ.ಡಿ. 1987ರಲ್ಲಿ ಆರೋಗ್ಯ ಸಚಿವರಾದಾಗ ಸರ್ಕಾರದ ಬೊಕ್ಕಸ ಬರಿದಾಗಿತ್ತು. ಆಸ್ಪತ್ರೆಗಳ ಹಾಸಿಗೆಗಳಿಗೆ ಕತ್ತರಿ ಹಾಕುವ ಕೆಲಸ ಒಬ್ಬ ವೈದ್ಯರ ಪಾಲಿಗೇ ಬಂತು. ಅವರನ್ನು ಕ್ಷೇತ್ರ ಕೈಬಿಡಲಿಲ್ಲ, 2002ರಲ್ಲಿ ಡಾಲ್‌ನ ಸ್ಪೀಕರ್ ಆದರು. ಹಾರ್ಟಿಯವರದು ಒಂದೇ ಅವಧಿಗೆ ಮುಗಿಯಿತು: 2020ರಲ್ಲಿ ಕ್ಲೇರ್‌ನ 4 ಸ್ಥಾನಗಳಲ್ಲಿ ಅವರ ಹೆಸರಿರಲಿಲ್ಲ.